ಹಳೇ ಬಿಎಸ್‌ಎಗೆ ಪೌಡರಾ, ಎನಾಮೆಲ್ಲಾ, ಕ್ರೋಮಾ?

ಗಾಡಿಯನ್ನು ಬಣ್ಣಕ್ಕೆ ಕೊಡುವ ಮೊದಲು ಟ್ಯಾಂಕಿನ ಎರಡೂ ಬದಿಯ ಮೊಣಕಾಲಿನ ರಬ್ಬರ್ ಬಿಚ್ಚಿ ನೋಡಿ. ನಾನು ಬಿಚ್ಚಿದ್ದು ತಡವಾಗಿ. ಅಷ್ಟೊತ್ತಿಗೆ ಫ್ರೇಮು ಆಗಲೇ ಪೌಡರ್ ಕೋಟಿಂಗ್‌ಗೆ (ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಬೇಯಿಸುವುದು) ಹೋಗಿತ್ತು, ಮಾರನೇ ದಿನ ಟ್ಯಾಂಕೂ ಹೋಗುವುದಿತ್ತು. ನಮ್ಮ ಬಿಎಸ್‌ಎ ಬಿ31, ಅಂದರೆ ಹಳೇ ಬ್ರಿಟಿಷ್ ಮೋಟಾರ್ ಸೈಕಲ್ಲು, ಹೊನ್ನಾಳಿ ಕಡೆಯ ಒಂದು ಕೊಟ್ಟಿಗೆಯಿಂದ ದಾವಣಗೆರೆಗೆ ಬಂದಿದ್ದು. ಬಂದಾಗ ತಲೆಯಿಂದ ಕಾಲಿನವರೆಗೆ ಕಪ್ಪು, ಆ ಕಪ್ಪಿನ ಮೇಲೆ ಯಾರೋ ಬಾಗಿಲಿಗೆ ಬಳಿದ ಹಾಗೆ ಬಳಿದ ಇನ್ನೊಂದು ಕಪ್ಪು. ಇದು ಮೊದಲಿಂದಲೂ ಕರೀ ಗಾಡಿ ಅಂತಲೇ ನಾನು ತಿಳಿದಿದ್ದೆ. ಎಡಗಡೆ ರಬ್ಬರ್ ಕಿತ್ತಾಗ ಅದರ ಅಡಿಯಲ್ಲಿ ಅಂಗೈ ಅಗಲದ ಹಸಿರು, ಹಸಿರಿನ ಅಂಚಿಗೆ ಒಂದು ತೆಳು ಗೆರೆಯ ತುಣುಕು, ಆಚೆಗೆ ಉಗುರಿನಲ್ಲಿ ಕೆರೆದರೆ ಹೊಳೆಯುವ ಕ್ರೋಮ್. ಎಪ್ಪತ್ತು ವರ್ಷದ ಗುಟ್ಟು ಎರಡು ಸ್ಕ್ರೂ ಹಿಂದೆ ಕೂತಿತ್ತು.

ಅಲ್ಲಿಂದ ಶುರುವಾಯ್ತು ನೋಡಿ ತಲೆನೋವು. ಕೇಳಿದವರೆಲ್ಲ ಒಂದೊಂದು ಹೇಳಿದರು. ಒಬ್ಬರು "ಎಲ್ಲಾ ಪೌಡರ್ ಹೊಡೆಸಿ, ಹತ್ತು ವರ್ಷ ತಿರುಗಿ ನೋಡಬೇಡಿ" ಅಂದರು. ಇನ್ನೊಬ್ಬರು "ಎಲ್ಲಾ ಕ್ರೋಮ್ ಮಾಡಿಸಿ, ಮದುವೆ ಮೆರವಣಿಗೆಗೆ ಕೇಳಿಕೊಂಡು ಬರ್ತಾರೆ" ಅಂದರು. ಮೂರನೆಯವರು ಏನನ್ನೂ ಮುಟ್ಟಲೇಬೇಡಿ ಅಂದರು. ಮೂವರದೂ ಪೂರ್ತಿ ತಪ್ಪಲ್ಲ. ಆದರೆ ಮೂವರೂ ಇಡೀ ಗಾಡಿಗೆ ಒಂದೇ ಉತ್ತರ ಕೊಡುತ್ತಿದ್ದರು. ಅದು ಆಗದ ಮಾತು. ಫ್ರೇಮಿಗೆ ಒಂದು, ಟ್ಯಾಂಕಿಗೆ ಒಂದು, ಬೋಲ್ಟಿಗೆ ಇನ್ನೊಂದು ಅಂತ ಬೇರೆ ಬೇರೆಯಾಗಿಯೇ ಆರಿಸಬೇಕು. ಇನ್ನೂ ಒಂದು ಮಾತು. 1950ರಲ್ಲಿ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆಯಿಂದ ಹೊರಬಂದ ಗಾಡಿ ಈಗಿನ ಶೋರೂಮ್ ಗಾಡಿಯಷ್ಟು ಹೊಳೆಯುತ್ತಿರಲಿಲ್ಲ. ಇದನ್ನು ಒಪ್ಪಿಕೊಂಡರೆ ಅರ್ಧ ಖರ್ಚು ತಾನಾಗೇ ಇಳಿಯುತ್ತದೆ.

ಮೊದಲು ಗಾಡಿಯ ಜಾತಕ

ಬಣ್ಣದ ಡಬ್ಬಿ ತೆಗೆಯುವ ಮುಂಚೆ ವರ್ಷ ಗೊತ್ತಾಗಬೇಕು. ಆರ್‌ಸಿಯಲ್ಲಿ ಬರೆದ ವರ್ಷವನ್ನು ಪೂರ್ತಿ ನಂಬಬೇಡಿ. ಅದು ಎಷ್ಟೋ ಸಲ ನೋಂದಣಿಯಾದ ವರ್ಷ, ತಯಾರಾದ ವರ್ಷವಲ್ಲ. ಇಂಜಿನ್ ಮೇಲಿನ ಮತ್ತು ಫ್ರೇಮ್ ಮೇಲಿನ ನಂಬರ್ ನೋಡಿ. ನಮ್ಮದರ ಇಂಜಿನ್ ನಂಬರು ಜೆಡ್‌ಬಿ31 ಅಂತ ಶುರುವಾಗುತ್ತದೆ. ಆ ಜೆಡ್‌ಬಿ ಸಾಲು 1949ರಿಂದ ಬಂದಿದ್ದು. ಇಂಗ್ಲೆಂಡಿನ ಬಿಎಸ್‌ಎ ಮಾಲೀಕರ ಕ್ಲಬ್‌ನಲ್ಲಿ ಹಳೇ ಕಾರ್ಖಾನೆ ದಾಖಲೆ ನೋಡಿ ವರ್ಷ ಹೇಳುವವರಿದ್ದಾರೆ. 1946ರಲ್ಲಿ ಶುರುವಾದ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಬಳಿಯೂ ಹಲವು ಕಂಪನಿಗಳ ಕಡತಗಳಿವೆ. ಫೀಸು ಕೊಡಬೇಕು, ಕಾಯಬೇಕು. ಆದರೂ ಇದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ವರ್ಷ ಯಾಕೆ ಅಷ್ಟು ಮುಖ್ಯ ಅಂದರೆ, ಲೇಪಗಳಿಗೂ ಚರಿತ್ರೆ ಇದೆ. 1920ರ ದಶಕದ ಕೊನೆಯವರೆಗೆ ಬ್ರಿಟಿಷ್ ಗಾಡಿಗಳಲ್ಲಿ ಹೊಳೆಯುತ್ತಿದ್ದದ್ದು ನಿಕ್ಕಲ್. ಅದು ಸ್ವಲ್ಪ ಹಳದಿ ಮಿಶ್ರಿತ, ಬೆಚ್ಚಗಿನ ಹೊಳಪು. ಕ್ರೋಮ್ ಬಂದದ್ದು ಹೆಚ್ಚುಕಡಿಮೆ 1930ರ ಹೊತ್ತಿಗೆ, ಅದರದ್ದು ನೀಲಿ ಛಾಯೆಯ ತಣ್ಣನೆ ಹೊಳಪು. 1926ರ ಗಾಡಿಗೆ ಕ್ರೋಮ್ ಮಾಡಿಸಿದರೆ ಅಜ್ಜನಿಗೆ ಜೀನ್ಸ್ ಹಾಕಿದ ಹಾಗೆ. ಆಮೇಲೆ ಕೊರಿಯಾ ಯುದ್ಧ ಬಂತು, ನಿಕ್ಕಲ್‌ಗೆ ಬರ ಬಂತು. ಕ್ರೋಮ್ ಮಾಡಬೇಕಾದರೆ ಅಡಿಯಲ್ಲಿ ನಿಕ್ಕಲ್ ಬೇಕೇ ಬೇಕು. ಹಾಗಾಗಿ 1951-52ರ ಸುಮಾರಿನ ಎಷ್ಟೋ ಬ್ರಿಟಿಷ್ ಗಾಡಿಗಳು ಕ್ರೋಮ್ ಟ್ಯಾಂಕ್ ಬಿಟ್ಟು ಬರೀ ಬಣ್ಣದ ಟ್ಯಾಂಕಿನಲ್ಲೇ ಹೊರಬಂದವು. ನಿಮ್ಮ ಗಾಡಿ ಆ ವರ್ಷಗಳದ್ದಾದರೆ ಖುಷಿಪಡಿ. ಬಣ್ಣದ ಟ್ಯಾಂಕೇ ಅದಕ್ಕೆ ಸರಿಯಾದದ್ದು, ದುಡ್ಡೂ ಉಳಿಯಿತು.

ಮಿಲಿಟರಿ ಗಾಡಿಯ ಲೆಕ್ಕವೇ ಬೇರೆ. ಎರಡನೇ ಮಹಾಯುದ್ಧದ ಬಿಎಸ್‌ಎ ಎಂ20, 496 ಸಿಸಿ ಸೈಡ್ ವಾಲ್ವ್ ಇಂಜಿನ್ನಿನದು, ಲಕ್ಷಕ್ಕೂ ಮೇಲೆ ತಯಾರಾಯಿತು. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ನಲ್ಲಿ, ಅಂದರೆ ಸೇನೆ ಬೇಡವಾದದ್ದನ್ನು ಮಾರಿದಾಗ, ನಮ್ಮ ಕಡೆಗೂ ಬಂದವು. ಅದರಲ್ಲಿ ಕ್ರೋಮ್ ಹುಡುಕಬೇಡಿ. ಯುದ್ಧದ ಶುರುವಿನಲ್ಲಿ ಖಾಕಿ ಗ್ರೀನ್ 3, ನಡುವೆ ಎಸ್‌ಸಿಸಿ 2 ಅನ್ನುವ ಕಂದು, 1944ರಿಂದ ಎಸ್‌ಸಿಸಿ 15 ಅನ್ನುವ ಆಲಿವ್. ಎಲ್ಲವೂ ಹೊಳಪಿಲ್ಲದ ಮ್ಯಾಟ್. ಮ್ಯಾಟ್ ನೋಡಲು ಚೆಂದ, ಆದರೆ ಬೆಣ್ಣೆ ದೋಸೆ ತಿಂದ ಕೈಯಲ್ಲಿ ಯಾರಾದರೂ ಟ್ಯಾಂಕ್ ಸವರಿದರೆ ಮುಗೀತು, ಆ ಕೈ ಗುರುತು ಸುಲಭಕ್ಕೆ ಹೋಗುವುದಿಲ್ಲ. ದಾವಣಗೆರೆಯಲ್ಲಿ ಇದು ತಮಾಷೆಯ ಮಾತಲ್ಲ.

ಇನ್ನು ಬುಲೆಟ್ ಇರುವವರು. 1955ರಿಂದ ಮದ್ರಾಸಿನಲ್ಲಿ ಜೋಡಣೆ ಶುರುವಾಯಿತು, ಆಮೇಲೆ ಬಿಡಿಭಾಗಗಳೂ ಇಲ್ಲೇ ಆದವು. ಮದ್ರಾಸ್ ಬುಲೆಟ್‌ಗೆ ಎನ್‌ಫೀಲ್ಡಿನ ಇಂಗ್ಲೆಂಡಿನ ಊರಾದ ರೆಡಿಚ್‌ನ ಕ್ಯಾಟಲಾಗ್ ಹಿಡಿದು ಬಣ್ಣ ಹೊಡೆಸುವುದರಲ್ಲಿ ಅರ್ಥವಿಲ್ಲ. ನಿಮ್ಮದು ಇಲ್ಲಿ ಹುಟ್ಟಿದ ಗಾಡಿಯಾದರೆ ಇಲ್ಲಿಯ ಬಣ್ಣವೇ ಅದಕ್ಕೆ ಮೂಲ.

ಫ್ರೇಮಿಗೆ: ಪೌಡರ್, ಸ್ಟೋವ್ ಎನಾಮೆಲ್, 2ಕೆ, ಡ್ಯೂಕೋ

ಆ ಕಾಲದ ಕಾರ್ಖಾನೆಯಲ್ಲಿ ಫ್ರೇಮನ್ನು ಕಪ್ಪು ಎನಾಮೆಲ್ ತೊಟ್ಟಿಯಲ್ಲಿ ಮುಳುಗಿಸಿ, ಎತ್ತಿ, ಸೋರಲು ಬಿಟ್ಟು, ಓವನ್‌ನಲ್ಲಿ ಬೇಯಿಸುತ್ತಿದ್ದರು. ಇದೇ ಸ್ಟೋವ್ ಎನಾಮೆಲ್. ಮುಳುಗಿಸಿ ಎತ್ತಿದ್ದು ಅಂದಮೇಲೆ ಅಡಿಯ ಕೊಳವೆಗಳಲ್ಲಿ ಬಣ್ಣದ ಹನಿ ಇಳಿದು ಗಟ್ಟಿಯಾಗಿರುತ್ತಿತ್ತು. ಕೊಳವೆಗಳನ್ನು ಕೂಡಿಸುವ ಲಗ್‌ಗಳ ಮೂಲೆಯಲ್ಲಿ ಬಣ್ಣ ಸ್ವಲ್ಪ ದಪ್ಪ, ಅಂಚಿನಲ್ಲಿ ತೆಳು. ಲಗ್‌ನ ಎರಕದ ಒರಟುತನ ಬಣ್ಣದ ಅಡಿಯಲ್ಲೂ ಕಾಣುತ್ತಿತ್ತು. ಈಗಿನವರು ಆ ಒರಟನ್ನೆಲ್ಲ ಪುಟ್ಟಿ ಹಾಕಿ ನುಣ್ಣಗೆ ಮಾಡುತ್ತಾರೆ. ದಯವಿಟ್ಟು ಮಾಡಿಸಬೇಡಿ. ಲಗ್ ಲಗ್ಗಿನ ಹಾಗೆ ಕಾಣಲಿ.

ಪೌಡರ್ ಅಗ್ಗ, ಬೇಗ ಆಗುತ್ತದೆ, ಕಲ್ಲು ಹೊಡೆದರೂ ತಡೆಯುತ್ತದೆ. ದಾವಣಗೆರೆಯಲ್ಲಿ ಗ್ರಿಲ್ಲು, ಬೀರು ಮಾಡುವವರ ದೆಸೆಯಿಂದ ಸುಲಭವಾಗಿ ಸಿಗುತ್ತದೆ. ತೊಂದರೆ ಎಲ್ಲಿ ಅಂದರೆ ದಪ್ಪದಲ್ಲಿ. ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕೂರುತ್ತದೆ. ಇದರಿಂದ ಫ್ರೇಮ್ ನಂಬರ್ ಅರ್ಧ ಮುಚ್ಚಿಹೋಗುತ್ತದೆ. ಮುಂದೆ ಆರ್‌ಟಿಓ ಕಚೇರಿಯಲ್ಲಿ ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುವಾಗ ನಂಬರೇ ಮೂಡಲಿಲ್ಲ ಅಂದರೆ ನಿಮ್ಮ ಗತಿ ಯೋಚಿಸಿ. ನಮ್ಮದರಲ್ಲಿ ಸ್ಟೀರಿಂಗ್ ಬೇರಿಂಗ್ ಕಪ್ ಕೂರುವ ಜಾಗಕ್ಕೂ ಪೌಡರ್ ಹೊಡೆದುಬಿಟ್ಟಿದ್ದರು. ಮರೆ ಮಾಡಿ ಅಂತ ಬಾಯಲ್ಲಿ ಹೇಳಿದ್ದೆ, ಚೀಟಿ ಬರೆದು ಕಟ್ಟಿರಲಿಲ್ಲ, ತಪ್ಪು ನನ್ನದೂ ಇದೆ. ಎರಡು ದಿನ ಕೂತು ಚಾಕುವಿನಲ್ಲಿ ಕೆರೆದೆ. ಅದೇನು ಸುಮ್ನೆ ಬರುವ ವಸ್ತುವಾ? ಗೋಂದಿನ ಹಾಗೆ ಹಿಡಿದಿರುತ್ತದೆ. ಇನ್ನೊಂದು ಅಪಾಯವೂ ಇದೆ. ಪೌಡರ್ ಒಂದು ಕಡೆ ಸಿಡಿದರೆ ಆ ಬಿರುಕಿನಿಂದ ನೀರು ಒಳಗೆ ಹೋಗಿ, ಮೇಲೆ ಪದರ ನೆಟ್ಟಗೇ ಇದ್ದು ಕೆಳಗೆ ಕಬ್ಬಿಣ ತುಕ್ಕು ತಿನ್ನುತ್ತದೆ. ನಿಮಗೆ ಗೊತ್ತಾಗುವುದು ಹಾಳೆಯ ಹಾಗೆ ಎದ್ದು ಬಂದಾಗಲೇ.

ನೆನಪಿಡಬೇಕಾದ ಇನ್ನೊಂದು ವಿಷಯ ಶಾಖ. ಪೌಡರ್ ಬೇಯುವುದು 180ರಿಂದ 200 ಡಿಗ್ರಿಯಲ್ಲಿ. ನಮ್ಮ ಕಡೆ ಟ್ಯಾಂಕ್ ರಿಪೇರಿ ಅಂದರೆ ಸೀಸ-ತವರದ ಬೆಸುಗೆ. ಅದು ಕರಗುವುದೂ ಅದೇ 183 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಬೆಸುಗೆ ಹಾಕಿದ ಟ್ಯಾಂಕನ್ನು ಪೌಡರ್ ಓವನ್‌ಗೆ ಇಟ್ಟರೆ ಟ್ಯಾಂಕ್ ಹೊರಗೆ ಬರುವಾಗ ಸೋರುವ ಕೊಡವಾಗಿರುತ್ತದೆ. ಪುಟ್ಟಿ ಹಾಕಿದ ಮಡ್‌ಗಾರ್ಡಿನ ಕತೆಯೂ ಅಷ್ಟೇ, ಪುಟ್ಟಿ ಉಬ್ಬಿ ಏಳುತ್ತದೆ.

ಸ್ಟೋವ್ ಎನಾಮೆಲ್ ತೆಳು, 120ರಿಂದ 150 ಡಿಗ್ರಿಯಲ್ಲಿ ಬೇಯುತ್ತದೆ, ನಂಬರ್ ಮುಚ್ಚುವುದಿಲ್ಲ. ಅದರ ಕಪ್ಪಿಗೆ ಒಂದು ಆಳ ಇದೆ. ಪೌಡರಿನ ಪ್ಲಾಸ್ಟಿಕ್ ಕಪ್ಪಿನ ಪಕ್ಕ ಇಟ್ಟು ನೋಡಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ತೊಂದರೆ ಅಂದರೆ ಈಗ ಮಾಡುವವರು ಕಡಿಮೆ. ಮೊದಲೆಲ್ಲ ಕಬ್ಬಿಣದ ಬೀರು, ಟ್ರಂಕು ಮಾಡುವವರ ಬಳಿ ಬೇಕಿಂಗ್ ಪೇಂಟ್ ಇರುತ್ತಿತ್ತು, ಅವರಲ್ಲಿ ಹೆಚ್ಚಿನವರು ಪೌಡರ್‌ಗೆ ಬದಲಾದರು. ಓವನ್ ಮಾತ್ರ ಇದೆಯಲ್ಲ! ಬೇಕಿಂಗ್ ಎನಾಮೆಲ್ ಡಬ್ಬಿ ನೀವೇ ಒಯ್ದು, ಪೌಡರ್ ಕೆಲಸ ಇಲ್ಲದ ದಿನ ಓವನ್ ಬಾಡಿಗೆಗೆ ಕೇಳಿ, 140 ಡಿಗ್ರಿಗೆ ಇಡಿಸಿ. ನಾನು ಎರಡನೇ ಸಲ ಹೀಗೇ ಮಾಡಿಸಿದ್ದು. ಹೌದು, ಪೌಡರ್ ಪೂರ್ತಿ ತೆಗೆಸಿ ಮತ್ತೆ ಮಾಡಿಸಿದೆ. ಮನೆಯಲ್ಲಿ ಇದಕ್ಕೆ ಏನಂದರು ಅಂತ ಇಲ್ಲಿ ಬರೆಯುವುದಿಲ್ಲ.

2ಕೆ, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ, ಕಾರು ಪೇಂಟಿಂಗ್ ಮಾಡುವ ಎಲ್ಲರ ಬಳಿ ಸಿಗುತ್ತದೆ. ಪೆಟ್ರೋಲ್ ಚೆಲ್ಲಿದರೂ ಏನೂ ಆಗುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇರುವುದರಿಂದ ಟ್ಯಾಂಕಿಗೆ ಇದು ದೊಡ್ಡ ಅನುಕೂಲ. ಆದರೆ ಮೇಲೆ ದಪ್ಪ ಕ್ಲಿಯರ್ ಕೋಟ್ ಹೊಡೆಸಿದರೆ ಗಾಜಿನ ಮನೆಯಂತೆ ಮಿಂಚಿ, 1950ರ ಗಾಡಿ 2020ರದ್ದಾಗುತ್ತದೆ. ಕ್ಲಿಯರ್ ಬೇಡ, ನೇರ ಬಣ್ಣದ ಹೊಳಪೇ ಸಾಕು ಅಂತ ಹೇಳಿ. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಕ್ಕೆ ಟವೆಲ್ ಕಟ್ಟಿಕೊಂಡು ಮನೆ ಹಿತ್ತಲಲ್ಲಿ ನೀವೇ ಹೊಡೆಯುವ ಸಾಹಸ ಬೇಡ.

ಡ್ಯೂಕೋ ಅಂತ ನಮ್ಮ ಮಿಸ್ತ್ರಿಗಳು ಕರೆಯುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಆ ಕಾಲಕ್ಕೆ ಹತ್ತಿರದ್ದೇ. ಬೇಗ ಒಣಗುತ್ತದೆ, ಉಜ್ಜಿದರೆ ಮೆದುವಾದ ಹೊಳಪು ಬರುತ್ತದೆ. ಹೆಡ್‌ಲೈಟ್ ಡೂಮಿಗೋ ಟೂಲ್ ಬಾಕ್ಸಿಗೋ ಸರಿ. ಟ್ಯಾಂಕಿಗೆ ಬೇಡ, ಎಥನಾಲ್ ಪೆಟ್ರೋಲ್ ಬಿದ್ದ ಕಡೆ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಹೊಡೆದರೆ ತೇವ ಹಿಡಿದು ಬಿಳಿಚಿಕೊಳ್ಳುತ್ತದೆ.

ಯಾವ ಬಣ್ಣವೇ ಆಗಲಿ, ತಿಂಗಳು ನೋಡಿ ಹೊಡೆಸಿ. ದೀಪಾವಳಿ ಕಳೆದ ಮೇಲೆ ಹವಾ ಒಣಗಿರುತ್ತದೆ, ಆಗ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಅದೇ ಹೊತ್ತಿಗೆ ಮೆಕ್ಕೆಜೋಳ ರಸ್ತೆ ತುಂಬ ಹರಡಿರುತ್ತದೆ, ಅದರ ಕೆಂಪು ಸಿಪ್ಪೆ ಗಾಳಿಯಲ್ಲಿ ಹಾರುತ್ತದೆ. ಅಕ್ಕಿ ಗಿರಣಿ ಹತ್ತಿರವಿದ್ದರೆ ಹೊಟ್ಟಿನ ಬೂದಿ ಬೇರೆ. ನನ್ನ ಹಿಂದಿನ ಮಡ್‌ಗಾರ್ಡಿನ ಮೇಲೆ ಒಂದು ಜೋಳದ ಸಿಪ್ಪೆ ಬಣ್ಣದೊಳಗೇ ಸಮಾಧಿಯಾಗಿತ್ತು. ಸಂಕ್ರಾಂತಿಯಿಂದ ಶಿವರಾತ್ರಿ ಒಳಗೆ ಮಾಡಿಸಿ. ಉಜ್ಜುವಾಗ ಬೋರ್‌ವೆಲ್ ನೀರು ಬಳಸಬೇಡಿ, ಗಡಸು ನೀರಿನ ಉಪ್ಪು ಪ್ರೈಮರ್ ಮೇಲೆ ಉಳಿದು ಆಮೇಲೆ ಗುಳ್ಳೆ ಏಳುತ್ತದೆ. ಕೊನೆಯ ಸಲ ತೊಳೆಯುವುದಕ್ಕಾದರೂ ಫಿಲ್ಟರ್ ನೀರು ಎರಡು ಕ್ಯಾನ್ ತಂದಿಟ್ಟುಕೊಳ್ಳಿ.

ಇಷ್ಟರ ಮೇಲೆ ನನ್ನ ಆಯ್ಕೆ: ವಾರಕ್ಕೊಮ್ಮೆ ಚಿತ್ರದುರ್ಗಕ್ಕೆ ಹೋಗಿ ಬರುವ ಗಾಡಿಯಾದರೆ ಫ್ರೇಮಿಗೆ 2ಕೆ ಕಪ್ಪು, ಕ್ಲಿಯರ್ ಇಲ್ಲದೆ. ಸರಿಯಾದ ಕಾಲದ ರೂಪವೇ ಬೇಕು ಅಂದರೆ ಸ್ಟೋವ್ ಎನಾಮೆಲ್. ಪೌಡರ್ ಬೇಕೇ ಬೇಕು ಅಂದರೆ ಕಣ್ಣಿಗೆ ಬೀಳದ ಸೈಡ್ ಸ್ಟ್ಯಾಂಡು, ಬ್ಯಾಟರಿ ತಟ್ಟೆ, ಕ್ಯಾರಿಯರ್, ಅಷ್ಟಕ್ಕೆ ನಿಲ್ಲಿಸಿ.

ಟ್ಯಾಂಕ್: ಇಲ್ಲೇ ಎಲ್ಲರೂ ಎಡವುವುದು

ಕ್ರೋಮ್ ಟ್ಯಾಂಕ್ ಅಂದರೆ ಇಡೀ ಟ್ಯಾಂಕಿಗೆ ಕ್ರೋಮ್ ಮಾಡಿ, ಅದರ ಮೇಲೆ ಬದಿಗೆ ಬಣ್ಣದ ಪಟ್ಟಿ ಬರೆಯುವುದು. ಕ್ರೋಮ್ ಅನ್ನುವುದು ಒಂದು ಮೈಕ್ರಾನ್‌ಗಿಂತ ಕಡಿಮೆ ದಪ್ಪದ ಪದರ, ಅದರ ಕೆಲಸ ಹೊಳಪು. ತುಕ್ಕು ತಡೆಯುವುದು ಅದರ ಕೆಳಗಿನ ನಿಕ್ಕಲ್. ಆದ್ದರಿಂದ ಕ್ರೋಮ್ ಮಾಡುವವರ ಬಳಿ ಹೋದಾಗ "ಹೊಳಪು ಎಷ್ಟು ಬರುತ್ತೆ" ಅಂತ ಕೇಳಬೇಡಿ. "ನಿಕ್ಕಲ್ ತೊಟ್ಟಿಯಲ್ಲಿ ಎಷ್ಟು ಹೊತ್ತು ಇಡ್ತೀರಿ, ಮೊದಲು ತಾಮ್ರ ಕೂರಿಸ್ತೀರಾ" ಅಂತ ಕೇಳಿ. ಉತ್ತರ ಕೊಡದೆ ನಕ್ಕು ಬಿಟ್ಟರೆ ಟ್ಯಾಂಕ್ ಎತ್ತಿಕೊಂಡು ವಾಪಸ್ ಬನ್ನಿ.

ಟ್ಯಾಂಕ್ ಮುಳುಗುವಷ್ಟು ದೊಡ್ಡ ತೊಟ್ಟಿ ನನಗೆ ಹತ್ತಿರದಲ್ಲಿ ಸಿಗಲಿಲ್ಲ. ಕ್ರೋಮ್ ತೊಟ್ಟಿಯ ನೀರು ವಿಷ, ಚರಂಡಿಗೆ ಬಿಡುವ ಹಾಗಿಲ್ಲ. ಆದ್ದರಿಂದ ದೊಡ್ಡ ಕೆಲಸ ದೊಡ್ಡ ಊರಿನ ಕೈಗಾರಿಕಾ ಪ್ರದೇಶಕ್ಕೇ ಹೋಗುತ್ತದೆ. ಟ್ಯಾಂಕನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದೆ. ತಿಂಗಳ ನಂತರ ತಂದೆ. ಕನ್ನಡಿ! ಮೀಸೆ ತಿರುವಿಕೊಳ್ಳಬಹುದು. ಮನೆಗೆ ತಂದು ಎರಡು ಲೀಟರ್ ಸೀಮೆಎಣ್ಣೆ ಹಾಕಿ, ಸುತ್ತಲೂ ಸೀಮೆಸುಣ್ಣದ ಪುಡಿ ಬಳಿದು, ಹಳೇ ಪೇಪರ್ ಮೇಲೆ ಇಟ್ಟೆ. ಬೆಳಗ್ಗೆ ನೋಡಿದರೆ ಅಡಿಯ ಬೆಸುಗೆಯ ಸಾಲಿನಲ್ಲಿ ಬಿಳಿ ಪುಡಿಯ ಮೇಲೆ ಏಳು ಕಪ್ಪು ಚುಕ್ಕೆ. ಸಾಸಿವೆಯಷ್ಟು ಸಣ್ಣವು. ಆಸಿಡ್ಡಿನಲ್ಲಿ ಹಳೇ ಕ್ರೋಮ್ ತೆಗೆದಾಗ ತುಕ್ಕು ಮುಚ್ಚಿದ್ದ ರಂಧ್ರಗಳೆಲ್ಲ ಬಾಯಿ ಬಿಟ್ಟಿದ್ದವು. ಬಫಿಂಗ್ ಚಕ್ರ ಉಳಿದದ್ದನ್ನೂ ತೆಳುಮಾಡಿತ್ತು. ರಬ್ಬರ್ ಪ್ಯಾಡಿನ ಸ್ಕ್ರೂ ಕೂರುವ ಎಳೆಗಳೂ ಸವೆದು ದುಂಡಗಾಗಿದ್ದವು. ಹೊಸ ಕ್ರೋಮ್ ಮೇಲೆ ಬೆಸುಗೆ ಹಾಕಿದರೆ ಕ್ರೋಮ್ ಹೋಯಿತು. ಹಾಕದಿದ್ದರೆ ಪೆಟ್ರೋಲ್ ಇಂಜಿನ್ ಮೇಲೆ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಹಳೇ ಲೇಪ ತೆಗೆಸಿ, ಅಷ್ಟೇ. ಖಾಲಿ ಕಬ್ಬಿಣದ ಟ್ಯಾಂಕನ್ನು ಮನೆಗೆ ತನ್ನಿ. ಸೀಮೆಎಣ್ಣೆ ಪರೀಕ್ಷೆ ಮಾಡಿ. ರಂಧ್ರ ಮುಚ್ಚಿಸಿ, ಡೆಂಟ್ ತೆಗೆಸಿ, ಮತ್ತೆ ಪರೀಕ್ಷೆ ಮಾಡಿ. ಆಮೇಲೆ ಲೇಪಕ್ಕೆ ಕಳಿಸಿ. ಪುಟ್ಟಿ ಮೇಲೆ ಕ್ರೋಮ್ ಕೂರುವುದಿಲ್ಲ, ಲೋಹವೇ ನೆಟ್ಟಗಿರಬೇಕು. ಎರಡು ಸಲ ಓಡಾಟ, ಬೇಜಾರು ಹೌದು. ಒಳಗೆ ಸೀಲರ್ ಹಾಕಿಸುವುದಾದರೆ ಎಥನಾಲ್ ತಡೆಯುವಂಥದ್ದೇ ಅಂತ ಡಬ್ಬಿ ಓದಿ ತಗೊಳ್ಳಿ, ಹಳೇ ತಲೆಮಾರಿನ ಸೀಲರ್‌ಗಳು ಈಗಿನ ಪೆಟ್ರೋಲಿನಲ್ಲಿ ಕರಗಿ ಕಾರ್ಬುರೇಟರ್‌ಗೆ ಇಳಿಯುತ್ತವೆ.

ಕ್ರೋಮ್ ಬೇಡ ಅಂದರೆ ಎರಡು ದಾರಿ. ಒಂದು, ಕ್ರೋಮ್ ಇದ್ದ ಜಾಗಕ್ಕೆಲ್ಲ ಬೆಳ್ಳಿ ಬಣ್ಣ ಹೊಡೆದು ಬದಿಯ ಪಟ್ಟಿ ಮಾತ್ರ ಸರಿಯಾಗಿ ಬರೆಸುವುದು. ನಿಕ್ಕಲ್‌ಗೆ ಬರ ಬಂದಿದ್ದ ವರ್ಷಗಳನ್ನು ನೆನೆದರೆ ಇದು ಮೋಸವೇನಲ್ಲ, ದೂರದಿಂದ ಚೆನ್ನಾಗೇ ಕಾಣುತ್ತದೆ. ಎರಡು, ಸ್ಪ್ರೇಯಲ್ಲಿ ಹೊಡೆಯುವ ಕ್ರೋಮ್ ಎಫೆಕ್ಟ್. ಅದನ್ನು ಒಂದು ಟ್ಯಾಂಕಿನ ಮೇಲೆ ನೋಡಿದ್ದೇನೆ. ಸ್ಟೀಲ್ ತಟ್ಟೆಯ ಮೇಲೆ ಉಗಿ ಕೂತ ಹಾಗಿತ್ತು. ಬೇಡ.

ನಾನು ಕೊನೆಗೆ ಟ್ಯಾಂಕನ್ನು ಎರಡನೇ ಸಲ ಕ್ರೋಮ್‌ಗೇ ಕಳಿಸಿದೆ. ಆ ರಬ್ಬರ್ ಕೆಳಗಿನ ಹಸಿರು ನೋಡಿದ ಮೇಲೆ ಬೇರೆ ಮನಸ್ಸಾಗಲಿಲ್ಲ. ಆದರೆ ಹ್ಯಾಂಡಲ್, ಸೈಲೆನ್ಸರ್ ಹೊಸದಾಗಿ ಸಿಗುವುದರಿಂದ ಅವುಗಳ ಹಳೇದಕ್ಕೆ ಕ್ರೋಮ್ ಮಾಡಿಸಲು ಹೋಗಲಿಲ್ಲ.

ಗೆರೆ ಎಳೆಯುವುದು

ಪಟ್ಟಿಯ ಅಂಚಿನ ಗೆರೆಗೆ ಸ್ಟಿಕ್ಕರ್ ಟೇಪಾ, ಕೈಯಾ? ಕೈ. ಇದರಲ್ಲಿ ಎರಡನೇ ಮಾತಿಲ್ಲ. ಟೇಪಿನ ಗೆರೆಗೆ ಮೊದಲೂ ಕೊನೆಯೂ ಒಂದೇ ಅಗಲ. ಕುಂಚದ ಗೆರೆ ತಿರುವಿನಲ್ಲಿ ಕೂದಲೆಳೆಯಷ್ಟು ದಪ್ಪಗಾಗಿ ಮತ್ತೆ ತೆಳ್ಳಗಾಗುತ್ತದೆ, ಕಣ್ಣಿಗೆ ಅದೇ ಬೇಕು. ಮದ್ರಾಸ್ ಬುಲೆಟ್ ಟ್ಯಾಂಕಿನ ಚಿನ್ನದ ಗೆರೆ ಬಹುಕಾಲ ಕೈಯಲ್ಲೇ ಎಳೆದದ್ದು ಅಂತ ಎಲ್ಲರಿಗೂ ಗೊತ್ತಿರುವುದೇ. ನಮ್ಮೂರಲ್ಲಿ ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯುವವರು ಕಡಿಮೆಯಾದರು, ಆದರೆ ಪೂರ್ತಿ ಇಲ್ಲವಾಗಿಲ್ಲ. ಹಳೇ ದಾವಣಗೆರೆಯಲ್ಲಿ ಒಬ್ಬ ಹಿರಿಯರನ್ನು ಹಿಡಿದೆ. ನಾಟಕ ಕಂಪನಿಗಳ ಬೋರ್ಡು, ಲಾರಿಗಳ ಹಿಂದಿನ ಬರಹ ಬರೆದ ಕೈ. ಮೊದಲು ಟ್ಯಾಂಕ್ ಮುಟ್ಟಲಿಲ್ಲ. ಒಂದು ಗಾಜಿನ ಮೇಲೆ ಇಪ್ಪತ್ತು ಸಲ ಗೆರೆ ಎಳೆದು ಒರೆಸಿದರು. ಉದ್ದ ಕೂದಲಿನ ಕುಂಚವನ್ನು ಎನಾಮೆಲ್‌ನಲ್ಲಿ ಅದ್ದಿ, ಸಿಗರೇಟ್ ಪ್ಯಾಕಿನ ರಟ್ಟಿನ ಮೇಲೆ ಎರಡು ಕಡೆ ಎಳೆದು ಚಪ್ಪಟೆ ಮಾಡಿ, ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಊರಿ, ಉಸಿರು ಬಿಗಿಹಿಡಿದು ಒಂದೇ ಎಳೆತ. ನಮ್ಮ ಟ್ಯಾಂಕಿನಲ್ಲಿ ಉಳಿದಿದ್ದ ತುಣುಕನ್ನು ನೋಡಿಯೇ ಬಣ್ಣ ಕಲಸಿದ್ದೆವು. ಇಂಥವರಿಗೆ ಚೌಕಾಸಿ ಮಾಡಬೇಡಿ.

ಬೋಲ್ಟು, ನಟ್ಟು, ಅಲ್ಯೂಮಿನಿಯಂ

ಆ ಕಾಲದ ಬೋಲ್ಟುಗಳಿಗೆ ಹೆಚ್ಚಾಗಿ ಕ್ಯಾಡ್ಮಿಯಂ ಲೇಪ ಇರುತ್ತಿತ್ತು. ಮಂದ ಬೆಳ್ಳಿಯ ಬಣ್ಣ. ಕ್ಯಾಡ್ಮಿಯಂ ವಿಷ, ಹಳೇ ಬೋಲ್ಟನ್ನು ಉಜ್ಜಿ ಧೂಳು ಎಬ್ಬಿಸಬೇಡಿ, ಗ್ಯಾಸ್ ಬೆಂಕಿಯಲ್ಲಿ ಕಾಯಿಸಬೇಡಿ. ಅದರ ಬದಲಿಗೆ ಹತ್ತಿರದ್ದು ಬಿಳಿ ಸತುವಿನ ಲೇಪ, ಅಂದರೆ ಜಿಂಕ್. ಹಳದಿ ಮಿಂಚಿನ ಜಿಂಕ್ ಹಾಕಿಸಿದರೆ ಜಪಾನಿ ಗಾಡಿಯ ಹಾಗೆ ಕಾಣುತ್ತದೆ, ಬೇಡ. ಬೋಲ್ಟನ್ನು ರಾಸಾಯನಿಕದಲ್ಲಿ ಕಪ್ಪಾಗಿಸುವ ಬ್ಲ್ಯಾಕೋಡೈಸಿಂಗ್ ಅಗ್ಗ, ಆದರೆ ಎಣ್ಣೆ ಒಣಗಿದ ಮಳೆಗಾಲಕ್ಕೇ ತುಕ್ಕು. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಬಿಡಿ ಅಂತ ಹೇಳುವವರು ಬಹಳ. ಮಡ್‌ಗಾರ್ಡಿಗೆ ಪರವಾಗಿಲ್ಲ. ಬ್ರೇಕ್ ಪ್ಲೇಟ್ ಹಿಡಿಯುವ ಕಡೆ, ಆಕ್ಸಲ್, ಇಂಜಿನ್ ಕೂರುವ ಬೋಲ್ಟು, ಇಲ್ಲೆಲ್ಲ ಬೇಡ. ಅಂಗಡಿಯ ಸಾಮಾನ್ಯ ಸ್ಟೇನ್‌ಲೆಸ್, ಹೆಚ್ಚು ಎಳೆತ ತಡೆಯುವ ಹೈಟೆನ್ಸೈಲ್ ಬೋಲ್ಟಿನಷ್ಟು ಗಟ್ಟಿಯಲ್ಲ. ಸ್ಪ್ರಿಂಗು, ಹೈಟೆನ್ಸೈಲ್ ಬೋಲ್ಟಿಗೆ ಲೇಪ ಹಾಕಿಸಿದರೆ ಆ ತಕ್ಷಣ ಕೆಲವು ಗಂಟೆ 200 ಡಿಗ್ರಿ ಹತ್ತಿರ ಕಾಯಿಸಬೇಕು. ಇಲ್ಲದಿದ್ದರೆ ಲೇಪದ ವೇಳೆ ಉಕ್ಕಿನೊಳಗೆ ಸೇರಿದ ಹೈಡ್ರೋಜನ್ ಅದನ್ನು ಪೆಡಸು ಮಾಡಿ, ಒಂದು ದಿನ ಟಕ್ ಅಂತ ಮುರಿಯುತ್ತದೆ.

ಆದಷ್ಟು ಹಳೇ ಬೋಲ್ಟನ್ನೇ ಉಳಿಸಿ. ಈ ಗಾಡಿಗಳಲ್ಲಿ ಸೈಕಲ್ ಎಳೆ ಅನ್ನುವ ಸ್ಕ್ರೂ ಸುತ್ತು ಬಹಳ, ಇಂಚಿಗೆ 26 ಸುತ್ತು. ಇನ್ನೊಂದು ಹಳೇ ಬ್ರಿಟಿಷ್ ಎಳೆಯಾದ ವಿಟ್‌ವರ್ತ್‌ನ ಕೋನ 55 ಡಿಗ್ರಿ, ಸೈಕಲ್ ಎಳೆಯದ್ದು 60. ಅಂಗಡಿಯ ಮೆಟ್ರಿಕ್ ಬೋಲ್ಟನ್ನು ಒತ್ತಿ ತಿರುಗಿಸಿದರೆ ಎರಡೂ ಹಾಳು. ಸಿಗದಿದ್ದರೆ ಹರಿಹರಕ್ಕೆ ಹೋಗಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿದ್ದ ಊರು ಅದು. ಕಾರ್ಖಾನೆ ನಿಂತರೂ ಲೇತ್ ತಿರುಗಿಸುವ ಕೈಗಳು ಅಲ್ಲಿವೆ. ಮಾದರಿ ಬೋಲ್ಟ್ ಕೊಟ್ಟರೆ ಸಾಕು, ತಲೆಯ ಉಬ್ಬು ಸಮೇತ ಮಾಡಿಕೊಡುತ್ತಾರೆ.

ಅಲ್ಯೂಮಿನಿಯಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟೈಮಿಂಗ್ ಕವರ್ ಬಫ್ ಮಾಡಿಸಿ, ಕ್ರ್ಯಾಂಕ್ ಕೇಸ್ ಎರಕದ ಒರಟಿನಲ್ಲೇ ಬಿಡಿ, ಅಮಾಲ್ ಕಾರ್ಬುರೇಟರ್ ತೊಳೆಯಿರಿ ಸಾಕು. ಕೇಸಿಗೆ ಮರಳು ಹೊಡೆಸಲೇಬೇಡಿ. ಎಣ್ಣೆ ಹರಿಯುವ ತೂತಿನಲ್ಲಿ ನಾಲ್ಕು ಕಾಳು ಮರಳು ಉಳಿದರೂ ಬೇರಿಂಗ್ ಕತೆ ಮುಗಿಯಿತು.

ಏನೂ ಮಾಡದಿರುವುದೂ ಒಂದು ಆಯ್ಕೆ

ಮೂಲ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ನಾನಾದರೆ ಮುಟ್ಟುವುದಿಲ್ಲ. ಸೋಪು ನೀರು, ಮೆದು ಬಟ್ಟೆ, ಮೇಣ, ತುಕ್ಕಿನ ಮೇಲೆ ತೆಳ್ಳಗೆ ಎಣ್ಣೆ. ದಾವಣಗೆರೆ, ಚಿತ್ರದುರ್ಗದ ಒಣ ಹವೆಗೆ ಇದು ನಡೆಯುತ್ತದೆ. ಮಂಗಳೂರಿನ ಉಪ್ಪು ಗಾಳಿಯಲ್ಲಿ ನಡೆಯುವುದಿಲ್ಲ. ಮೇಲೆ ಬಳಿದ ಹೊಸ ಬಣ್ಣದ ಕೆಳಗೆ ಮೂಲದ್ದು ಇದ್ದರೆ, ಬಿಡುವಿನ ಸಂಜೆಗಳಲ್ಲಿ ಬೆರಳಗಲ ಬೆರಳಗಲ ಉಜ್ಜಿ ಹೊರಗೆ ತರಬಹುದು. ನನ್ನ ಟೂಲ್ ಬಾಕ್ಸ್ ಮುಚ್ಚಳ ಹಾಗೇ ಬಂದದ್ದು. ಇಡೀ ಗಾಡಿಯಲ್ಲಿ ನನಗೆ ಇಷ್ಟವಾದ ಭಾಗ ಅದೇ.

ಕಾಗದದ ವಿಷಯವೂ ಇದಕ್ಕೆ ಸೇರಿದೆ. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಮರುನೋಂದಣಿಗೆ 5,000. ಆದರೆ ಆಮೇಲೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಬಿಟ್ಟರೆ ದಿನಾ ಓಡಿಸುವ ಹಾಗಿಲ್ಲ. ಸಂತೆಗೆ ಒಯ್ಯುವ ಗಾಡಿಯಾದರೆ ಹಳೇ ನೋಂದಣಿಯಲ್ಲೇ ಇರಿ. ಹೇಗಿದ್ದರೂ ಆರ್‌ಸಿಯಲ್ಲಿರುವ ಬಣ್ಣ ಬದಲಾದರೆ ಆರ್‌ಟಿಓದಲ್ಲಿ ಬರೆಸಿಕೊಳ್ಳಿ.

ಕೊನೆಯದಾಗಿ ಕೆಲಸದ ಸರದಿ. ಬಣ್ಣಕ್ಕೆ ಮುಂಚೆ ಇಡೀ ಗಾಡಿಯನ್ನು ಬರಿ ಕಬ್ಬಿಣದಲ್ಲೇ ಒಮ್ಮೆ ಜೋಡಿಸಿ, ನೂರಿನ್ನೂರು ಕಿಲೋಮೀಟರ್ ಓಡಿಸಿ. ಎಲ್ಲಿ ಎಣ್ಣೆ ಸೋರುತ್ತೆ, ಯಾವ ಬ್ರಾಕೆಟ್ ಕೂರಲ್ಲ, ಯಾವ ತೂತು ತಪ್ಪಿದೆ ಎಲ್ಲ ಆಗಲೇ ಗೊತ್ತಾಗುತ್ತದೆ. ಆಮೇಲೆ ಬಿಚ್ಚಿ ಬಣ್ಣಕ್ಕೆ ಕೊಡಿ. ನನಗೆ ಆತುರ. ಮಿಸ್ತ್ರಿ ಎರಡು ಸಲ ಹೇಳಿದರೂ ಕೇಳಲಿಲ್ಲ. ಹಿಂದಿನ ನಂಬರ್ ಪ್ಲೇಟಿನ ತೂತು ಕಾಲಿಂಚು ಆಚೆ ಈಚೆ ಆಗಿತ್ತು, ಹೊಸ ಎನಾಮೆಲ್ ಮೇಲೆ ಡ್ರಿಲ್ ಇಟ್ಟೆ, ಡ್ರಿಲ್ ಜಾರಿತು. ಬೆರಳುದ್ದದ ಆ ಗೀರಿಗೆ ಸಣ್ಣ ಕುಂಚದಲ್ಲಿ ಕಪ್ಪು ತುಂಬಿದ್ದೇನೆ. ಸಂಜೆ ಬಿಸಿಲಿಗೆ ಓರೆಯಾಗಿ ನಿಲ್ಲಿಸಿದರೆ ಈಗಲೂ ಕಾಣುತ್ತದೆ, ಅದಕ್ಕೇ ಆ ಬದಿಯನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತೇನೆ.